ಬ್ರೇಕ್ ಕೆಲಸ ಮಾಡಿದವನು ಎಡಗಡೆ ಕೂರಬೇಕು

ನಿವೃತ್ತರಾದವರು ಅನುಭವ ಬರೆಯಲು ಕೂತರೆ ತಲೆ ನರೆತಿರಬೇಕು, ಕನ್ನಡಕ ಮೂಗಿನ ತುದಿಗೆ ಜಾರಿರಬೇಕು, ‘ನಮ್ಮ ಕಾಲದಲ್ಲಿ’ ಎಂದೊಡನೆ ಮನೆಯವರು ಒಬ್ಬೊಬ್ಬರಾಗಿ ಎದ್ದು ಹೋಗಬೇಕು. ಇವುಗಳಲ್ಲಿ ನನಗೆ ಒದಗಿರುವುದು ಕೊನೆಯದೊಂದೇ. ನನಗಿನ್ನೂ ಮೂವತ್ತನಾಲ್ಕು. ಆದರೂ ನಾನು ನಿವೃತ್ತ. ಐಟಿಐ ಮುಗಿಸಿ ಕೋಲಾರದ ಒಂದು ಕಾರ್ ಗ್ಯಾರೇಜಿಗೆ ಸೇರಿದೆ, ಕಿವಿ ಕೈಕೊಟ್ಟ ಮೇಲೆ ಬಿಟ್ಟೆ, ಈಗ ಹುತ್ತೂರಿನಲ್ಲಿ ಹೆಂಡತಿಯ ಜೊತೆ ರೇಷ್ಮೆಹುಳಕ್ಕೆ ಸೊಪ್ಪು ಹಾಕಿಕೊಂಡಿದ್ದೇನೆ. ಬಿಟ್ಟ ದಿನ ಗ್ಯಾರೇಜಿನವರು ಶಾಲು ಹೊದಿಸಿದರು. ಮನೆಗೆ ಬಂದು ಅದನ್ನು ಹೊದ್ದು ಕನ್ನಡಿ ನೋಡಿಕೊಂಡೆ. ನಾಟಕದಲ್ಲಿ ಮುದುಕನ ಪಾತ್ರ ಮಾಡುವವನು ಕೈಕೊಟ್ಟಾಗ ಹಿಂದಿನಿಂದ ಎಳೆದು ತಂದು ನಿಲ್ಲಿಸಿದವನ ಹಾಗೆ ಕಾಣುತ್ತಿದ್ದೆ.

ಈಗ ಎರಡು ಬಗೆಯ ಜನ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಗ್ಯಾರೇಜ್ ಕೆಲಸಕ್ಕೆ ಸೇರಬೇಕೆಂದಿರುವ ಹುಡುಗರು, ಹಳೇ ಕಾರು ಕೊಂಡ ನೆಂಟರು. ಹುಡುಗರು ‘ಅಣ್ಣ, ಕೆಲಸ ಹೆಂಗಿರ್ತದೆ?’ ಎನ್ನುತ್ತಾರೆ. ನೆಂಟರು ‘ಲೇ ಮಂಜ, ನಂಬಿ ಗಾಡಿ ಬಿಡೋ ಅಂಥ ಗ್ಯಾರೇಜ್ ಯಾವ್ದ್ಲಾ?’ ಎನ್ನುತ್ತಾರೆ. ಇಬ್ಬರಿಗೂ ನಾನು ಹೇಳುವುದು ಒಂದೇ ಕಥೆ. ಹೇಳುತ್ತಾ ಹೇಳುತ್ತಾ ಅವರಿವರ ದನಿ ತೆಗೆಯುತ್ತೇನೆಂದು ಅರ್ಧ ಜನ ಅದನ್ನು ತಮಾಷೆ ಎಂದುಕೊಂಡು ನಗುತ್ತಾ ಎದ್ದು ಹೋಗುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಕಾಗದದ ಮೇಲೆ ಮಿಮಿಕ್ರಿ ನಡೆಯುವುದಿಲ್ಲ.

ಆ ಗ್ಯಾರೇಜಿನಲ್ಲಿ ನನಗೆ ಬೆಲೆ ಬಂದದ್ದು ಕೈಯಿಂದಲ್ಲ, ಬಾಯಿಯಿಂದ. ಕಾರು ತರುವವರಿಗೆ ಏನು ಕೆಟ್ಟಿದೆ ಎನ್ನುವುದು ಗೊತ್ತಿರುವುದಿಲ್ಲ, ಸದ್ದೊಂದೇ ಗೊತ್ತಿರುತ್ತದೆ. ಅದನ್ನು ಬಾಯಿಬಿಟ್ಟು ಮಾಡಿ ತೋರಿಸಲು ನಾಚಿಕೆ. ಮಾಲೂರಿನ ಇಟ್ಟಿಗೆ ಕಾರ್ಖಾನೆಯ ಯಜಮಾನರಿಂದ ಹಿಡಿದು ಬ್ಯಾಂಕಿನ ಮ್ಯಾನೇಜರರವರೆಗೆ ಎಲ್ಲರೂ ‘ಏನೋ ಒಂಥರಾ ಸೌಂಡಪ್ಪ’ ಎನ್ನುವಲ್ಲಿಗೆ ನಿಲ್ಲಿಸುತ್ತಿದ್ದರು. ನಾನು ಎದುರಿಗೆ ನಿಂತು ಒಂದೊಂದೇ ಸದ್ದು ಮಾಡುತ್ತಿದ್ದೆ. ಬೆಲ್ಟ್ ಜಾರುವ ಕಿರುಚು, ಬೇರಿಂಗ್ ಸವೆದ ಗಾಲಿಯ ಗುಂಯ್‌ಕಾರ, ತೂತು ಬಿದ್ದ ಸೈಲೆನ್ಸರಿನ ಗೊರಗೊರ. ಯಾವುದೋ ಒಂದಕ್ಕೆ ಅವರ ಮುಖ ಅರಳುತ್ತಿತ್ತು. ‘ಹಾ, ಅದೇ ಅದೇ.’ ಅಲ್ಲಿಗೆ ಅರ್ಧ ಕೆಲಸ ಮುಗಿದ ಹಾಗೆ. ನನಗೆ ರೇಡಿಯೊ ಎಂದು ಹೆಸರು ಬಿತ್ತು. ಗಿರಾಕಿ ಗೇಟು ದಾಟಿದ ಮೇಲೆ ನಾನು ಅವರ ನಡಿಗೆ, ಕೆಮ್ಮು, ಬಿಲ್ಲು ನೋಡಿ ಬಿಡುವ ನಿಟ್ಟುಸಿರು ಎಲ್ಲವನ್ನೂ ಮಾಡುತ್ತಿದ್ದೆ. ನನ್ನನ್ನೂ ಬಿಟ್ಟವನಲ್ಲ. ಮದುವೆಗೆ ಮುಂಚೆ ಹೆಣ್ಣು ನೋಡಲು ಹೋದಾಗ ಕಾಫಿ ಲೋಟ ಹಿಡಿದು ನಾನು ಹೇಗೆ ನಡುಗಿದೆ ಎಂಬುದು ಗ್ಯಾರೇಜಿನಲ್ಲಿ ಬಹಳ ದಿನ ನಡೆದ ಆಟ.

ನಗದೇ ಇದ್ದವರು ಒಬ್ಬರೇ, ಚೌಡಪ್ಪ ಮೇಸ್ತ್ರಿ. ಗ್ಯಾರೇಜಿನ ಹಿರಿಯ ಮೆಕ್ಯಾನಿಕ್. ದೇವರಾಯಸಮುದ್ರದವರು. ಮಾತು ಕನ್ನಡದಲ್ಲಿ ಹೊರಟು ದಾರಿಯಲ್ಲಿ ತೆಲುಗು ಹತ್ತಿಸಿಕೊಂಡು ಬರುತ್ತಿತ್ತು.

‘ನೋರು ಮುಯ್‌ರಾ ರೇಡಿಯೊ. ನೀನು ಬಾಯಿ ಮುಚ್ಚಿದ್ರೆ ಇಂಜಿನ್ ಏನಂತದೋ ಕೇಳ್ಬೋದು.’

‘ಇಂಜಿನ್ ಏನಂತದೆ ಅಂತಾನೇ ನಾನೂ ಹೇಳ್ತಿರೋದು ಮೇಸ್ತ್ರಿ.’

‘ಅದು ಅಂದಿದ್ದು ಒಂದು. ನೀನು ಸೇರಿಸಿದ್ದು ಹತ್ತು.’

ಮೇಸ್ತ್ರಿಯದು ಎರಡು ಕಟ್ಟಳೆ. ಮೊದಲನೆಯದು, ಗಾಡಿಯಿಂದ ಬಿಚ್ಚಿದ ಹಳೇ ಸಾಮಾನು ಗಿರಾಕಿಯ ಕಾಲ ಬುಡದ ಮ್ಯಾಟಿನ ಮೇಲೆ ಹೋಗಬೇಕು. ಎಣ್ಣೆ ಹತ್ತುತ್ತದೆ ಎಂದು ಬೈದುಕೊಂಡರೂ ಸರಿಯೇ. ಎರಡನೆಯದು ಬೇರೆಲ್ಲೂ ನಾನು ಕಂಡಿಲ್ಲ. ಬ್ರೇಕ್ ಕೆಲಸ ಯಾರು ಮಾಡಿದರೋ ಅವರು ಟ್ರಯಲ್ಲಿಗೆ ಹೋಗುವಾಗ ಎಡಗಡೆ ಸೀಟಿನಲ್ಲಿ ಕೂರಬೇಕು. ಓಡಿಸುವವನು ಬೇರೆಯವನು. ಅಂತರಗಂಗೆ ಬೆಟ್ಟದ ಕಡೆಗೆ ಏರಿ, ತಿರುಗಿಸಿ, ಇಳಿಜಾರಿನಲ್ಲಿ ಬರಬೇಕು. ಕೆಲಸ ಮಾಡಿದವನ ಕೈಯಲ್ಲಿ ಸ್ಟೇರಿಂಗ್ ಇಲ್ಲ, ಕಾಲಡಿ ಪೆಡಲ್ ಇಲ್ಲ. ತಾನು ಬಿಗಿ ಮಾಡಿದ ನಟ್ಟನ್ನು ನಂಬಿಕೊಂಡು ಕೂತಿರಬೇಕು, ಅಷ್ಟೇ.

ನನ್ನ ಮೊದಲ ಸಲ ಮೇಸ್ತ್ರಿಯೇ ಓಡಿಸಿದರು. ಇಳಿಜಾರು ಶುರುವಾದದ್ದೇ ತಡ, ನನ್ನ ಬಲಗಾಲು ತಾನಾಗಿ ಮುಂದೆ ಹೋಗಿ ಬರೀ ತಗಡನ್ನು ಒತ್ತತೊಡಗಿತು. ಮೇಸ್ತ್ರಿ ಓರೆಗಣ್ಣಲ್ಲಿ ನೋಡಿದರು.

‘ಅಲ್ಲಿ ಪೆಡಲ್ ಇಲ್ಲ ಕಣೋ.’

‘ಗೊತ್ತು ಮೇಸ್ತ್ರಿ.’

‘ಇರ್ಲಿ, ಒತ್ತು. ಗಿರಾಕಿ ಹೆಂಡ್ತಿ ದಿನಾ ಒತ್ತೋದು ಅಲ್ಲೇನೆ.’

ಗ್ಯಾರೇಜಿಗೆ ಮರಳಿ ಬಂದವನು ಗಾಲಿ ಬಿಚ್ಚಿ ಎಲ್ಲವನ್ನೂ ಇನ್ನೊಮ್ಮೆ ನೋಡಿದೆ. ನೋಡು ಎಂದು ಯಾರೂ ಹೇಳಿರಲಿಲ್ಲ. ಸೇರುವ ಹುಡುಗರಿಗೆ ಈ ಕೆಲಸ ಹೇಗಿರುತ್ತದೆ ಎಂದು ಹೇಳಬೇಕಾದರೆ ಆ ಬಲಗಾಲನ್ನು ತೋರಿಸಬೇಕು.

ನಮ್ಮ ಬಳಿ ಬಂದ ಗಿರಾಕಿಗಳು ಬೋರ್ಡು ನೋಡಿ ಬಂದವರಲ್ಲ. ಬೋರ್ಡಿನಲ್ಲಿ ಅರ್ಧ ಅಕ್ಷರ ಉದುರಿಹೋಗಿತ್ತು. ಶ್ರೀನಿವಾಸಪುರದ ಮಾವಿನ ಮಂಡಿಯ ಸಾಹುಕಾರರೊಬ್ಬರು ಹೇಗೆ ಬಂದರೆಂದು ಹೇಳುತ್ತೇನೆ. ಅವರ ಕಾರಿನ ಹಿಂದುಗಡೆ ಕಟಕಟ ಸದ್ದು. ಬೇರೆ ಎರಡು ಕಡೆ ತೋರಿಸಿ, ಹಿಂದಿನ ಶಾಕ್ ಅಬ್ಸಾರ್ಬರ್ ಬದಲಾಯಿಸಿ, ಬುಶ್ ಬದಲಾಯಿಸಿ ಸೋತಿದ್ದರು. ಸದ್ದು ಹಾಗೇ ಇತ್ತು. ನಾನು ಎದುರಿಗೆ ನಿಂತು ನನ್ನ ಬಾಯಲ್ಲಿದ್ದ ಕಟಕಟಗಳನ್ನೆಲ್ಲ ಮಾಡಿದೆ. ಯಾವುದಕ್ಕೂ ಅವರು ತಲೆಯಾಡಿಸಲಿಲ್ಲ. ‘ಇಷ್ಟು ಗಟ್ಟಿಯಲ್ಲ. ಒಳ್ಳೆ ಪಗಡೆ ಆಡ್ದಂಗೆ ಉರುಳ್ತದೆ’ ಎಂದರು. ಮೇಸ್ತ್ರಿ ಸ್ಪ್ಯಾನರ್ ಎತ್ತಲೇ ಇಲ್ಲ. ಡಿಕ್ಕಿ ತೆಗೆದು, ಕಾರ್ಪೆಟ್ ಎತ್ತಿ, ಸ್ಟೆಪ್ನಿ ಗಾಲಿಯ ಕೆಳಗೆ ಕೈ ಹಾಕಿ ಒಣಗಿದ ಮಾವಿನ ವಾಟೆಗಳನ್ನು ಒಂದೊಂದಾಗಿ ಹೊರಗಿಟ್ಟರು. ಮೊಮ್ಮಕ್ಕಳು ಹಿಂದೆ ಕೂತು ತಿಂದು ಎಸೆದದ್ದು.

ಸಾಹುಕಾರರು ಕೆಂಪಗಾದರು. ‘ಬೇರೆ ಏನಾದ್ರೂ ಮಾಡ್ಬೇಕಾ?’

‘ಏನೂ ಇಲ್ಲ. ತಕ್ಕೊಂಡ್ಹೋಗಿ.’

ಮೇಸ್ತ್ರಿ ತಮ್ಮ ಕಟ್ಟಳೆ ಬಿಡಲಿಲ್ಲ. ಬಿಚ್ಚಿದ ಸಾಮಾನು ಎಂದು ಆ ವಾಟೆಗಳನ್ನೂ ಅವರ ಮ್ಯಾಟಿನ ಮೇಲಿಟ್ಟರು. ಆಮೇಲೆ ಶ್ರೀನಿವಾಸಪುರದಿಂದ ಎಷ್ಟು ಗಾಡಿ ಬಂದವೆಂದರೆ, ಮಾವಿನ ಕಾಲದಲ್ಲಿ ನಮ್ಮ ಗ್ಯಾರೇಜಿನ ಗ್ರೀಸೂ ಹಣ್ಣಿನ ವಾಸನೆ ಹೊಡೆಯುತ್ತಿತ್ತು. ಮಾಡಬೇಕಾದ್ದು ಏನೂ ಇಲ್ಲ ಎಂದು ನಿಮ್ಮ ಗ್ಯಾರೇಜಿನವರು ಯಾವತ್ತಾದರೂ ನಿಮ್ಮನ್ನು ಕಳಿಸಿದ್ದಾರೆಯೇ ಎಂದು ನೆಂಟರನ್ನು ಈಗ ಕೇಳುತ್ತೇನೆ. ಬಹಳ ಜನ ಯೋಚನೆಗೆ ಬೀಳುತ್ತಾರೆ.

ಕೆಲಸದ ರೀತಿ ಬದಲಾದದ್ದು ಪ್ರಕಾಶ್ ಸರ್ ಬಂದ ಮೇಲೆ. ಗ್ಯಾರೇಜ್ ಮಾಲೀಕರ ಅಳಿಯ. ಮಾವನಿಗೆ ಮಂಡಿ ನೋವು ಬಂದಿತೆಂದು ಇವರು ಮ್ಯಾನೇಜರ್ ಆದರು. ಇಸ್ತ್ರಿ ಷರ್ಟು, ಕೈಯಲ್ಲಿ ಸ್ಕ್ಯಾನರು. ಕಾರಿಗೆ ಆ ಸ್ಕ್ಯಾನರ್ ಚುಚ್ಚಿದರೆ ಪರದೆಯ ಮೇಲೆ ಕಾಯಿಲೆಯ ಹೆಸರು ಮೂಡುತ್ತಿತ್ತು. ಹಿಂದೆ ನಾವು ಅರ್ಧ ದಿನ ಮೂಸಿ, ತಟ್ಟಿ, ಕಿವಿಗೊಟ್ಟು ಕಂಡುಹಿಡಿಯುತ್ತಿದ್ದುದನ್ನು ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತಿತ್ತು. ನಾನು ಅವರ ದನಿಯನ್ನೂ ಹಿಡಿದೆ. ‘ನೋ ಕೋಡ್, ನೋ ಪ್ರಾಬ್ಲಂ’ ಎಂದು ಮೂಗಿನಲ್ಲಿ ಹೇಳುತ್ತಾ, ಬಿಸ್ಕತ್ತು ಪೊಟ್ಟಣವನ್ನು ಸ್ಕ್ಯಾನರಿನಂತೆ ಹಿಡಿದು ಓಡಾಡುತ್ತಿದ್ದಾಗ ಅವರು ನನ್ನ ಹಿಂದೆಯೇ ನಿಂತಿದ್ದರು. ‘ಮೂಗು ಇನ್ನೂ ಸ್ವಲ್ಪ ಬರ್ಬೇಕು ಮಂಜುನಾಥ್’ ಎಂದು ಒಳಗೆ ಹೋದರು. ಅವತ್ತಿನಿಂದ ಅವರ ಮೇಲೆ ನನಗೆ ಗೌರವ. ಮುದುಕರು ಹೇಳುವ ಹಾಗೆ ಮಷಿನ್ ಬಂದು ಎಲ್ಲ ಕೆಟ್ಟಿತು ಎಂದು ನಾನು ಹೇಳುವುದಿಲ್ಲ. ಆದರೆ ಸ್ಕ್ಯಾನರಿಗೆ ವಯರು ಹೋಗಿರುವ ಕಡೆಯ ಸುದ್ದಿ ಮಾತ್ರ ಗೊತ್ತು. ವಯರು ಹೋಗದ ಕಡೆ ಕಿವಿ ಹೋಗಬೇಕು.

ಆ ಕಿವಿಯ ವಿಷಯ ಮೊದಲು ಗೊತ್ತಾದದ್ದು ಗ್ಯಾರೇಜಿನಲ್ಲಲ್ಲ, ಹುಳುಮನೆಯಲ್ಲಿ.

ನಮ್ಮದು ರೇಷ್ಮೆಯ ಮನೆ. ನಾನು ದಿನಾ ಹುತ್ತೂರಿನಿಂದ ಕೋಲಾರಕ್ಕೆ ಹೋಗಿಬರುತ್ತಿದ್ದೆ, ಹುಳ ನೋಡಿಕೊಳ್ಳುತ್ತಿದ್ದವಳು ಹೆಂಡತಿ ಸುಧಾ. ರೇಷ್ಮೆಹುಳ ಪೊರೆ ಬಿಡುವ ಮುನ್ನ ಮೇವು ಬಿಟ್ಟು ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪಿನ ಮೇಲೆ ಬಿದ್ದು ಮೇಯುವಾಗ ಮನೆ ತುಂಬ ಸೋನೆ ಹಿಡಿದ ಹಾಗೆ ಸದ್ದು. ಚಿಕ್ಕಂದಿನಿಂದ ಆ ಸದ್ದಿನಲ್ಲೇ ಮಲಗಿ ಎದ್ದವನು ನಾನು. ಒಂದು ಸಂಜೆ ಹುಳುಮನೆಯ ಬಾಗಿಲಲ್ಲಿ ನಿಂತೆ. ಸದ್ದಿಲ್ಲ. ಕೂಗಿಕೊಂಡೆ.

‘ಸುಧಾ, ಹುಳ ಮೇವು ಬಿಟ್ಟವೆ ಕಣೇ. ರೋಗ ಬಿದ್ದಿರ್ಬೇಕು.’

ಅವಳು ಓಡಿ ಬಂದಳು. ತಟ್ಟೆಗಳ ಮೇಲೆ ಕಣ್ಣಾಡಿಸಿದಳು. ಆಮೇಲೆ ನನ್ನ ತೋಳಿಗೆ ಒಂದು ಬಿಟ್ಟಳು.

‘ಬರಬರ ಅಂತ ಮೇಯ್ತಾವೆ. ಪ್ರಾಣ ತೆಗೀತೀಯ ನೀನು. ಎಲ್ಲಾದ್ರಲ್ಲೂ ಆಟ.’

ನಾನು ನಕ್ಕೆ. ಆಟ ಎಂದುಕೊಂಡದ್ದು ಒಳ್ಳೆಯದೇ ಆಯಿತು ಅನ್ನಿಸಿತು. ಎಲೆಗಳು ಅಂಚಿನಿಂದ ಕರಗಿ ಹೋಗುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು. ಗ್ಯಾರೇಜಿನ ಧೂಳು ಕಿವಿಯಲ್ಲಿ ಕಟ್ಟಿಕೊಂಡಿರಬೇಕೆಂದು ಎಣ್ಣೆ ಬಿಟ್ಟುಕೊಂಡೆ.

ವಕ್ಕಲೇರಿಯ ನಾರಾಯಣಪ್ಪ ಬಂದದ್ದು ಅದಾದ ಕೆಲವೇ ದಿನಕ್ಕೆ. ಹೈನು ಮಾಡಿಕೊಂಡಿದ್ದವರು. ಹೆಂಡತಿ ಲಕ್ಷ್ಮಮ್ಮನವರಿಗೆ ಎರಡೂ ಕಿಡ್ನಿ ಕೆಟ್ಟು, ವಾರಕ್ಕೆ ಮೂರು ಸಲ ಕೋಲಾರಕ್ಕೆ ಕರೆತಂದು ಡಯಾಲಿಸಿಸ್ ಮಾಡಿಸಬೇಕಿತ್ತು. ಅದಕ್ಕೆಂದೇ ಒಂದು ಹಳೇ ವ್ಯಾನ್ ಕೊಂಡಿದ್ದರು. ಹಿಂದಿನ ಸೀಟಿನ ಮೇಲೆ ಹಾಸಿಗೆ ಹಾಕಿ ಅವರನ್ನು ಮಲಗಿಸಿಕೊಂಡು ಬರುತ್ತಿದ್ದರು. ಅವತ್ತು ಒಬ್ಬರೇ ಬಂದಿದ್ದರು.

‘ಸೌಂಡ್ ಬರ್ತದೆ ಅಂತಾಳೆ ಕಣಪ್ಪ. ಇಂಜಿನ್ ನನ್ನ ಸೀಟ್ ಕೆಳಗೇ ಅಲ್ವಾ, ನಂಗೇನೂ ಕೇಳಿಸ್ತಿಲ್ಲ.’

‘ಎಂಥ ಸೌಂಡಣ್ಣ?’

‘ಅದನ್ನ ಅವಳೇ ಹೇಳ್ಬೇಕು. ಮಷಿನ್ನಿಂದ ಎದ್ದು ಬಂದ್ರೆ ಸುಸ್ತಿಗೆ ವ್ಯಾನಲ್ಲೇ ಮಲಗಿಬಿಡೋಳು. ಊರು ಬಂದ್ಮೇಲೆ ಎಬ್ಬಿಸ್ತಿದ್ದೆ. ಈಗ ಕಣ್ಣೇ ಮುಚ್ಚಲ್ಲ. ಸೀಟಿನ ಕಂಬಿ ಹಿಡ್ಕೊಂಡು ಕೂತಿರ್ತಾಳೆ. ಇದು ಸರಿಹೋಗ್ದಿದ್ರೆ ಇನ್ನು ಬರೋದೇ ಇಲ್ಲ ಅಂತಾಳೆ. ಬಸ್ಸಲ್ಲಿ ಬರಕ್ಕೆ ಅವಳ ಕೈಲಾಗಲ್ಲ. ಬರ್ದೇ ಇದ್ರೆ ಏನಾಗ್ತದೆ ಅಂತ ಡಾಕ್ಟ್ರು ಹೇಳವ್ರೆ.’

ಕೀ ನನ್ನ ಕೈಗಿಟ್ಟರು.

ನಾನು ವ್ಯಾನ್ ಓಡಿಸಿ ನೋಡಿದೆ. ಕಿಟಕಿ ಇಳಿಸಿದೆ, ಏರಿಸಿದೆ. ಬ್ರೇಕ್ ಹಿಡಿದೆ, ಬಿಟ್ಟೆ. ಸದ್ದಿಲ್ಲ. ಮುಂದಿನ ಗಾಲಿ ತಿರುಗಿಸಿ ಸಂದಿಯಲ್ಲಿ ಟಾರ್ಚ್ ಬಿಟ್ಟು ಬ್ರೇಕ್ ಪ್ಯಾಡ್ ನೋಡಿದೆ. ಇನ್ನೂ ದಪ್ಪಗಿತ್ತು. ಪ್ರಕಾಶ್ ಸರ್ ಸ್ಕ್ಯಾನರ್ ಚುಚ್ಚಿದರು. ಯಾವ ಕಾಯಿಲೆಯ ಹೆಸರೂ ಮೂಡದೆ ಪರದೆ ಬೆಳ್ಳಗೆ ನಕ್ಕಿತು. ಮೇಸ್ತ್ರಿ ಅವತ್ತು ರಜೆ. ಇಷ್ಟು ವರ್ಷ ಸದ್ದು ಮಾಡಿ ಮಾಡಿ ನನ್ನ ತಲೆಯಲ್ಲಿ ಒಂದು ಲೆಕ್ಕ ಕೂತಿತ್ತು: ನನ್ನ ಬಾಯಲ್ಲಿ ಬಾರದ ಸದ್ದು ಕಾರಿನಲ್ಲೂ ಇರುವುದಿಲ್ಲ.

‘ಅಣ್ಣ, ಆಸ್ಪತ್ರೆ ಮಷಿನ್ ಸೌಂಡು ಅಮ್ಮನ ಕಿವೀಲೇ ಉಳ್ಕೊಂಡಿರ್ಬೇಕು’ ಎಂದೆ. ನಾರಾಯಣಪ್ಪ ನಕ್ಕರು. ನಗಬೇಕೆಂದು ಕಾದಿದ್ದವರ ನಗು ಅದು. ವ್ಯಾನ್ ತೊಳೆಸಿ ಕಳಿಸಿದೆವು.

ಮುಂದಿನ ಸಲ ಆಸ್ಪತ್ರೆಯಿಂದ ಮರಳುವಾಗ ಲಕ್ಷ್ಮಮ್ಮನವರೇ ವ್ಯಾನನ್ನು ನಮ್ಮ ಗೇಟಿನ ಮುಂದೆ ನಿಲ್ಲಿಸಿದರು. ಸರಿಯಾಗದ ಹೊರತು ಇನ್ನು ಇದನ್ನು ಹತ್ತುವುದಿಲ್ಲ ಎಂದು ಇಳಿದುಬಿಟ್ಟರಂತೆ. ಕಡ್ಡಿಯಂಥ ಮೈ, ತೋಳಿಗೆ ಬ್ಯಾಂಡೇಜು. ಗಿರಾಕಿಗಳಿಗೆಂದು ನಾವು ಹಾಕಿದ್ದ ಹಳೇ ಕಾರಿನ ಸೀಟಿನ ಮೇಲೆ ಬಂದು ಕೂತರು. ನಾರಾಯಣಪ್ಪ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತರು.

‘ನೀನೇನಪ್ಪ ಸೌಂಡ್ ಮಾಡೋನು?’

‘ಹೂಂ ಅಮ್ಮ.’

‘ಎಲ್ಲಿ, ಮಾಡು ನೋಡಣ.’

ಮಾಡಿದೆ. ಬೆಲ್ಟು, ಬೇರಿಂಗು, ಬುಶ್ಶು, ಸೈಲೆನ್ಸರು. ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ಅವರು ತಲೆ ವಾಲಿಸಿಕೊಂಡು ಒಂದೊಂದನ್ನೂ ಪೂರ್ತಿ ಕೇಳಿದರು. ‘ಅದಲ್ಲ’ ಎಂದರು. ‘ಅದೂ ಅಲ್ಲ’ ಎಂದರು. ‘ನಿಂದೆಲ್ಲ ದಪ್ಪ. ಇದು ಸಣ್ಣದು’ ಎಂದರು.

‘ನೀವೇ ಮಾಡಿ ತೋರ್ಸಿಬಿಡಿ ಅಮ್ಮ’ ಎಂದೆ, ತುಂಟತನಕ್ಕೆ.

ಅವರು ಸೆರಗು ಸರಿಮಾಡಿಕೊಂಡರು. ತುಟಿ ಎಳೆದು, ಹಲ್ಲು ಕಚ್ಚಿ, ಉಸಿರು ಬಿಟ್ಟರು. ಕತ್ತಿನ ನರ ಎದ್ದು ನಿಂತಿತು. ನಾನು ಸದ್ದು ಬರಲೆಂದು ಕಾಯುತ್ತಿದ್ದೆ. ಪಾಪ, ಉಸಿರು ಸಾಲುತ್ತಿಲ್ಲ, ಸದ್ದು ಹೊರಡುತ್ತಿಲ್ಲ ಎಂದುಕೊಂಡೆ. ಏನಾದರೂ ಹೇಳಿ ನಗಿಸೋಣವೆಂದು ಹಿಂದೆ ತಿರುಗಿದೆ. ಇಡೀ ಗ್ಯಾರೇಜ್ ಕೆಲಸ ನಿಲ್ಲಿಸಿ ಇತ್ತ ನೋಡುತ್ತಿತ್ತು. ಅಷ್ಟು ದೂರದ ಟಿಂಕರಿಂಗ್ ಶೆಡ್ಡಿನವನೂ ಸುತ್ತಿಗೆ ಹಿಡಿದು ತಿರುಗಿ ನಿಂತಿದ್ದ.

ಒಂದು ಕಾರಿನ ಕೆಳಗಿಂದ ಮೇಸ್ತ್ರಿ ಜಾರಿ ಹೊರಗೆ ಬಂದರು.

‘ಇನ್ನೊಂದ್ಸಲ ಮಾಡಮ್ಮ.’

ಲಕ್ಷ್ಮಮ್ಮನವರು ಮತ್ತೆ ಮಾಡಿದರು. ನಾನು ಅವರ ತುಟಿ ನೋಡಿದೆ.

‘ಪ್ಯಾಡು’ ಎಂದರು ಮೇಸ್ತ್ರಿ.

‘ಪ್ಯಾಡ್ ನೋಡಿದೀನಿ ಮೇಸ್ತ್ರಿ. ದಪ್ಪ ಐತೆ.’

‘ಹೊರಗಡೇದು ನೋಡಿದೀಯ.’

ಗಾಲಿ ಬಿಚ್ಚಿದರು. ಬ್ರೇಕಿನ ಡಿಸ್ಕಿಗೆ ಆ ಕಡೆ ಒಂದು, ಈ ಕಡೆ ಒಂದು ಪ್ಯಾಡ್. ಎರಡನ್ನೂ ಸಮನಾಗಿ ಒತ್ತಬೇಕಾದ ಪಿನ್ನು ತುಕ್ಕು ಹಿಡಿದು ಜಾಮ್ ಆಗಿತ್ತು. ಹೊರಗಿನ ಪ್ಯಾಡ್ ಸುಖವಾಗಿ ಕೂತಿತ್ತು, ಒಳಗಿನದು ಒಂದೇ ಎಲ್ಲ ಭಾರ ಹೊತ್ತು ಕಬ್ಬಿಣದವರೆಗೆ ಸವೆದಿತ್ತು. ಡಿಸ್ಕಿನ ಮೇಲೆ ನೇಗಿಲು ಹೊಡೆದಂಥ ಗೀರು. ಸವೆದ ಪ್ಯಾಡು ಕೂಗಿ ಹೇಳಲೆಂದೇ ಅದರಲ್ಲಿ ಒಂದು ಸಣ್ಣ ತಗಡಿನ ನಾಲಗೆ ಇಟ್ಟಿರುತ್ತಾರೆ. ಅದು ಅಷ್ಟು ದಿನ ಕೂಗಿತ್ತು. ಕೇಳಿಸಿಕೊಂಡವರು ಹಿಂದಿನ ಸೀಟಿನಲ್ಲಿ ಕೂತಿದ್ದ ಒಬ್ಬರೇ.

‘ನಂಗೆ ಕೇಳಿಸ್ಲಿಲ್ಲ ಮೇಸ್ತ್ರಿ’ ಎಂದೆ.

ಎಲ್ಲರೂ ನಕ್ಕರು. ರೇಡಿಯೊ ಈಗ ಕಿವುಡನ ಪಾತ್ರ ಮಾಡುತ್ತಿದೆ ಎಂದುಕೊಂಡರು. ‘ಬ್ಯಾಟ್ರಿ ಹೋಯ್ತಾ?’ ಎಂದ ಒಬ್ಬ. ನಾನು ಮತ್ತೆ ಹೇಳಿದೆ. ಇನ್ನೂ ಜೋರಾಗಿ ನಕ್ಕರು. ಆಟಗಾರ ಎಂದು ಹೆಸರು ತೆಗೆದುಕೊಂಡವನ ಪಾಡು ಇದು. ನಿಜ ಹೇಳುವಾಗ ಯಾವ ದನಿಯಲ್ಲಿ ಹೇಳಬೇಕೆಂದು ನನಗೆ ಗೊತ್ತೇ ಆಗಲಿಲ್ಲ.

ಮೇಸ್ತ್ರಿ ಮಾತ್ರ ನಗಲಿಲ್ಲ. ಹತ್ತಿರ ಬಂದು ಗ್ರೀಸು ಮೆತ್ತಿದ ಅಂಗೈಯಿಂದ ನನ್ನ ಕಣ್ಣು ಮುಚ್ಚಿದರು. ‘ಅಮ್ಮ, ಮಾಡಿ’ ಎಂದರು. ಆಮೇಲೆ ನನಗೆ, ‘ಬಂದಾಗ ಕೈ ಎತ್ತು.’

ಕಾದೆ. ಕತ್ತಲಲ್ಲಿ ಗ್ರೀಸಿನ ವಾಸನೆ. ರಸ್ತೆಯ ಲಾರಿಗಳು ಕೇಳುತ್ತಿದ್ದವು, ಯಾರೋ ಕೆಮ್ಮಿದ್ದು ಕೇಳಿತು. ಇನ್ನೂ ಶುರು ಮಾಡಿಲ್ಲ, ಉಸಿರು ಕೂಡಿಸಿಕೊಳ್ಳುತ್ತಿರಬೇಕು ಎಂದುಕೊಂಡೆ. ಮೇಸ್ತ್ರಿ ಕೈ ತೆಗೆದರು. ಲಕ್ಷ್ಮಮ್ಮನವರು ಮಾಡಿ ಮುಗಿಸಿ, ಸುಸ್ತಾಗಿ ಸೀಟಿಗೆ ಒರಗಿದ್ದರು. ಈಗ ಯಾರೂ ನಗುತ್ತಿರಲಿಲ್ಲ.

‘ನಂದು ಕಿಡ್ನಿ, ನಿಂದು ಕಿವಿ’ ಎಂದರು ಆ ತಾಯಿ. ‘ಬಾ, ಇಲ್ಲಿ ಕೂತ್ಕೊ.’

ಪಕ್ಕದಲ್ಲಿ ಕೂತೆ. ನಾರಾಯಣಪ್ಪ ಏನು ಮಾಡಬೇಕೆಂದು ತೋಚದೆ ನೀರಿನ ಬಾಟಲಿಯನ್ನು ನನಗೆ ಕೊಟ್ಟರು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಮರುದಿನ ಪ್ರಕಾಶ್ ಸರ್ ತಾವೇ ಕರೆದುಕೊಂಡು ಹೋಗಿ ಕಿವಿ ಡಾಕ್ಟರಿಗೆ ತೋರಿಸಿದರು. ಸಣ್ಣ ಸದ್ದುಗಳೆಲ್ಲ ಹೋಗಿವೆ, ಗ್ಯಾರೇಜಿನಲ್ಲೇ ಇದ್ದರೆ ದಪ್ಪನೆಯವೂ ಹೋಗುತ್ತವೆ ಎಂದರು ಡಾಕ್ಟರು. ಟಿಂಕರಿಂಗಿನ ಸುತ್ತಿಗೆ, ಗ್ರೈಂಡರು, ನಟ್ಟು ಬಿಚ್ಚುವ ಗಾಳಿಯ ಗನ್ನು, ಇವುಗಳ ಪಕ್ಕದಲ್ಲಿ ನಾನು ವರ್ಷಗಟ್ಟಲೆ ಬರಿಗಿವಿಯಲ್ಲಿ ನಿಂತಿದ್ದೆ. ಸದ್ದು ತಡೆಯಲು ಕಿವಿಗೆ ಬೆಣೆ ಇಟ್ಟುಕೊಂಡವರನ್ನು ಕಂಡರೆ ನಾನೇ ಹೀಯಾಳಿಸುತ್ತಿದ್ದೆ. ಸೇರುವ ಹುಡುಗರೇ, ಇಟ್ಟುಕೊಳ್ಳಿ. ಯಾರಾದರೂ ಆಡಿಕೊಂಡು ನಕ್ಕರೆ ಅವರನ್ನು ಹುತ್ತೂರಿಗೆ ಕಳಿಸಿ. ಕಿವಿ ಸರಿಯಿಲ್ಲದಿದ್ದರೂ ಕೌಂಟರಿನಲ್ಲಿ ಕೂತಿರು ಎಂದು ಪ್ರಕಾಶ್ ಸರ್ ಹೇಳಿದರು. ನಾನೇ ಬೇಡವೆಂದೆ. ಗಿರಾಕಿ ಬಂದು ಸೌಂಡು ಎಂದಾಗ ತಲೆಯಾಡಿಸುವುದು ನನಗೆ ಬಹಳ ಸುಲಭ. ಕೇಳಿಸಿದವನ ಹಾಗೆ ಮುಖ ಮಾಡಲು ನನ್ನಷ್ಟು ಚೆನ್ನಾಗಿ ಬರುವವರು ಜಿಲ್ಲೆಯಲ್ಲಿಲ್ಲ. ಆ ಹೆದರಿಕೆಯಿಂದಲೇ ಬಿಟ್ಟೆ.

ಆದರೆ ಅವತ್ತಿನ ದಿನ ಇನ್ನೂ ಮುಗಿದಿರಲಿಲ್ಲ.

ಮೇಸ್ತ್ರಿ ಯಾರಿಗೂ ಮುಟ್ಟಗೊಡದೆ ವ್ಯಾನಿನ ಬ್ರೇಕ್ ಕೆಲಸವನ್ನು ತಾವೇ ಮಾಡಿದರು. ಹೊಸ ಡಿಸ್ಕು, ಹೊಸ ಪ್ಯಾಡು, ಪಿನ್ನು ಉಜ್ಜಿ ಗ್ರೀಸು. ಇನ್ನೊಂದು ಗಾಲಿಯನ್ನೂ ಬಿಚ್ಚಿ ಒಳಗೂ ಹೊರಗೂ ನೋಡಿದರು. ಅಷ್ಟರಲ್ಲಿ ಪ್ರಕಾಶ್ ಸರ್ ಲಕ್ಷ್ಮಮ್ಮನವರನ್ನು ತಮ್ಮ ಕಾರಿನಲ್ಲಿ ಊರಿಗೆ ಬಿಡುತ್ತೇನೆಂದರು. ಅವರು ಒಪ್ಪಲಿಲ್ಲ.

‘ನಾಳಿದ್ದು ನಾನು ಬರಬೇಕಾದ್ದು ಇದ್ರಲ್ಲೇ ತಾನೆ? ಇದು ಹೆಂಗಾಯ್ತು ಅಂತ ನೋಡ್ಕೊಂಡೇ ಹೋಗ್ತೀನಿ.’

ಪಕ್ಕದಲ್ಲಿ ಕೂತ ನಾನು ಅವರಿಗೆ ಮೇಸ್ತ್ರಿಯ ಎಡಗಡೆ ಸೀಟಿನ ಕಟ್ಟಳೆಯನ್ನು ಹೇಳಿದೆ. ಬರೀ ತಗಡು ಒತ್ತಿದ ನನ್ನ ಕಾಲಿನ ಕಥೆಗೆ ಅವರು ನಕ್ಕರು. ಆಮೇಲೆ ಕೇಳಿದರು.

‘ಮತ್ತೆ ಹಿಂದ್ಗಡೆ ಯಾರ್ ಕೂರ್ತಾರೆ?’

‘ಹಿಂದ್ಗಡೆ ಯಾರೂ ಕೂರಲ್ಲಮ್ಮ.’

‘ಸೌಂಡ್ ಬಂದಿದ್ದು ಹಿಂದಿದ್ದೋಳಿಗೆ. ಈಗಿಲ್ಲ ಅಂತ ಮುಂದಿರೋರು ಹೇಳಿದ್ರೆ ನಾನ್ ಹೆಂಗಪ್ಪ ನಂಬೋದು?’

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಿದ್ದವರು ನಿಂತರು. ಇಷ್ಟು ವರ್ಷದಲ್ಲಿ ಅವರಿಗೆ ಅದು ಹೊಳೆದಿರಲಿಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಟ್ರಯಲ್ಲಿಗೆ ಗಿರಾಕಿಗಳನ್ನು ಕೂರಿಸಬಾರದೆಂದು ಪ್ರಕಾಶ್ ಸರ್ ಬೋರ್ಡು ಬರೆಸಿದ್ದರು. ಆ ಬೋರ್ಡಿನ ಕೆಳಗೇ ನಿಂತಿದ್ದ ಅವರೇ ಬಂದು ವ್ಯಾನಿನ ಹಿಂದಿನ ಬಾಗಿಲು ಎಳೆದು ತೆರೆದರು.

‘ಮೇಸ್ತ್ರಿ ಮೊದ್ಲು ಒಂದು ಸುತ್ತು ಹೋಗಿಬರ್ಲಿ ಅಮ್ಮ. ಆಮೇಲೆ ನೀವು ಹತ್ತಿ’ ಎಂದರು.

ಮೇಸ್ತ್ರಿ ಒಬ್ಬ ಹುಡುಗನ ಕೈಲಿ ಓಡಿಸಿ, ತಾವು ಎಡಗಡೆ ಕೂತು ಒಂದು ಸುತ್ತು ಹೋಗಿ ಬಂದರು. ಆಮೇಲೆ ಕೀ ನನ್ನ ಮುಂದೆ ಹಿಡಿದರು.

‘ನಾನ್ ಓಡ್ಸಲ್ಲ ಮೇಸ್ತ್ರಿ’ ಎಂದೆ.

‘ಯಾಕ್ರಾ? ಕಾಲು ಕೆಟ್ಟೋಗಿಲ್ವಲ್ಲ. ಓಡ್ಸು. ಕಿವಿಗೆ ನಾವಿದೀವಿ.’

ಕೆಲಸ ಮಾಡಿದವರು ಎಡಗಡೆ ಕೂತರು. ಲಕ್ಷ್ಮಮ್ಮನವರು ಹಿಂದೆ ಹತ್ತಿ ಹಾಸಿಗೆಯ ಮೇಲೆ ಕೂತು ಕಂಬಿ ಹಿಡಿದರು. ನಾರಾಯಣಪ್ಪ ಗೇಟಿನಲ್ಲೇ ಉಳಿದರು, ನನಗೆ ನೋಡಕ್ಕಾಗಲ್ಲ ಎಂದು. ಬೆಟ್ಟದ ದಾರಿ ಹಿಡಿದೆ. ಏರು ಮುಗಿದ ಮೇಲೆ ತಿರುಗಿಸಿ ಒಂದು ಕ್ಷಣ ನಿಲ್ಲಿಸಿದೆ. ಕೆಳಗೆ ಊರು ಕಾಣುತ್ತಿತ್ತು. ಬ್ರೇಕ್ ಬಿಟ್ಟೆ.

ಸದ್ದಿಲ್ಲ. ಆದರೆ ನನಗೆ ಮೊದಲೂ ಇರಲಿಲ್ಲ. ಇದ್ದರೂ ಇಲ್ಲದಿದ್ದರೂ ನನ್ನ ಕಿವಿಗೆ ಒಂದೇ. ಅವರಿಬ್ಬರು ಏನು ಹೇಳುತ್ತಾರೋ ಅದೇ ನನಗೆ ನಿಜ. ಕಾಲು ಸರಿಯಾದ ಪೆಡಲಿನ ಮೇಲೇ ಇದ್ದರೂ ತಗಡನ್ನು ಒತ್ತುತ್ತಿರುವ ಹಾಗೆ ಅನ್ನಿಸುತ್ತಿತ್ತು.

‘ಅಮ್ಮ, ಬರ್ತಿದ್ಯಾ?’ ಎಂದು ಕೇಳಿದೆ.

‘ಇನ್ನೂ ಇಲ್ಲ’ ಎಂದರು ಹಿಂದಿನಿಂದ. ಇಳಿಜಾರಿನ ಮೊದಲ ತಿರುವು. ಒತ್ತಿದೆ, ಬಿಟ್ಟೆ. ‘ಈಗ?’

‘ಈಗಿಲ್ಲಪ್ಪ.’

ಎರಡನೇ ತಿರುವು. ಕೇಳಿದೆ. ಉತ್ತರ ಬರಲಿಲ್ಲ. ಹೇಳಿದ್ದು ನನಗೆ ಕೇಳಿಸಲಿಲ್ಲವೋ ಏನೋ ಎಂದು ಗಾಬರಿಯಾಗಿ ಕನ್ನಡಿ ನೋಡಿದೆ. ಕಂಬಿಯ ಮೇಲೆ ಕೈ ಇರಲಿಲ್ಲ. ಲಕ್ಷ್ಮಮ್ಮನವರು ಹಾಸಿಗೆಗೆ ಒರಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು.

‘ಮೇಸ್ತ್ರಿ’ ಎಂದೆ.

ಮೇಸ್ತ್ರಿ ಹಿಂದೆ ತಿರುಗಿ ನೋಡಿದರು. ಆಮೇಲೆ ತುಟಿಯ ಮೇಲೆ ಬೆರಳಿಟ್ಟು ಮುಂದೆ ಕೈ ತೋರಿಸಿದರು. ಗ್ಯಾರೇಜಿನ ಗೇಟು ಬಂದಾಗ ನಾರಾಯಣಪ್ಪ ರಸ್ತೆಗೇ ಓಡಿ ಬಂದರು. ಮೇಸ್ತ್ರಿ ಕಿಟಕಿಯಿಂದ ಕೈ ಹೊರಗೆ ಹಾಕಿ ಅವರ ಬಾಯನ್ನೂ ಮುಚ್ಚಿಸಿದರು. ನಿಲ್ಲಿಸಬೇಡ, ಹೋಗುತ್ತಿರು ಎಂದು ನನಗೆ ಸನ್ನೆ ಮಾಡಿದರು. ನಾನು ಮೆಲ್ಲಗೆ ಗೇಟು ದಾಟಿ ಮುಂದಕ್ಕೆ ಹೋದೆ. ಕನ್ನಡಿಯಲ್ಲಿ ನಾರಾಯಣಪ್ಪ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದರು.

ಸ್ವಲ್ಪ ದೂರ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ.

‘ಮೇಸ್ತ್ರಿ, ನಿಜವಾಗ್ಲೂ ನಿದ್ದೆನಾ? ಗೊರಕೆ ಬರ್ತಿದ್ಯಾ?’

‘ಸಣ್ಣಗೆ ಬರ್ತಿದೆ.’

‘ನಂಗೆ ಕೇಳಿಸ್ತಿಲ್ಲ.’

ಮೇಸ್ತ್ರಿ ನನ್ನನ್ನು ನೋಡಿದರು. ಮತ್ತೊಮ್ಮೆ ಹಿಂದೆ ತಿರುಗಿ ಆ ತಾಯಿಯನ್ನು ನೋಡಿದರು. ನನ್ನ ಕಡೆಗೆ ಬಾಗಿ, ಇಡೀ ಜೀವಮಾನದಲ್ಲಿ ಯಾರ ದನಿಯನ್ನೂ ತೆಗೆದವರಲ್ಲದ ಚೌಡಪ್ಪ ಮೇಸ್ತ್ರಿ, ಲಕ್ಷ್ಮಮ್ಮನವರ ಗೊರಕೆಯನ್ನು ನನ್ನ ಕಿವಿಗೆ ನಿಲುಕುವಷ್ಟು ದಪ್ಪ ಮಾಡಿ, ಅವರು ಏಳದ ಹಾಗೆ ಮೆಲ್ಲಗೆ, ಮಾಡಿ ತೋರಿಸಿದರು.